ಹೊಸತೊಡಕಿನ ಮಟನ್ ಉಳಿದಿತ್ತು, ಹ್ಯಾಶ್ ಮಾಡಲು ಹೋಗಿ ಕೆಡಿಸಿದೆ. ಎಲ್ಲಿ ತಪ್ಪಿತು?

ಆರ್‌ಆರ್‌ನಗರದ_ನಳ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಪ್ರತಿ ವರ್ಷ ಒಂದೇ ಕಥೆ. ಯುಗಾದಿ ದಿನ ಹೋಳಿಗೆ, ಮಾರನೇ ದಿನ ಹೊಸತೊಡಕಿಗೆ ಬಾಡು. ಎಂಟು ಜನ ಬರುತ್ತಾರೆ ಅಂತ ಮೂರು ಕೆಜಿ ಮಟನ್ ತಂದೆ. ಬಂದವರು ಐದೇ ಜನ. ಸಾರು ಖಾಲಿಯಾಯಿತು. ಚಾಪ್ಸು ಮತ್ತು ಹುರಿದ ಮಟನ್ ಒಂದು ದೊಡ್ಡ ಡಬ್ಬಿ ತುಂಬಾ ಉಳಿಯಿತು.

ತಂಗಿ ಅಮೆರಿಕದ ಓಹಾಯೋದಲ್ಲಿದ್ದಾಳೆ. ವಿಡಿಯೋ ಕಾಲ್‌ನಲ್ಲಿ "ಅಣ್ಣಾ, ಹ್ಯಾಶ್ ಮಾಡು. ಇಲ್ಲಿ ಹಬ್ಬದ ಮಾರನೇ ಬೆಳಿಗ್ಗೆ ಅದೇ ತಿಂಡಿ" ಅಂದಳು. ಆಲೂಗಡ್ಡೆ, ಈರುಳ್ಳಿ, ಉಳಿದ ಮಾಂಸ ಚೂರು ಮಾಡಿ ಹುರಿಯೋದು, ಮೇಲೆ ಮೊಟ್ಟೆ ಒಡೆದು ಹಾಕೋದು. ಇಷ್ಟೇ ಅಂತೆ. ಕೇಳೋಕೆ ಸುಲಭ.

ನಾನು ಮಾಡಿದ್ದು ಹೀಗೆ. ನಾನ್‌ಸ್ಟಿಕ್ ಬಾಣಲೆಗೆ ಎಣ್ಣೆ ಬಿಟ್ಟು, ಹಸಿ ಆಲೂಗಡ್ಡೆ, ಈರುಳ್ಳಿ, ಮಸಾಲೆ ಸಮೇತ ಮಟನ್ ಎಲ್ಲವನ್ನೂ ಒಟ್ಟಿಗೆ ಸುರಿದೆ. ಮುಚ್ಚಳ ಮುಚ್ಚಿದೆ. ಸೀದು ಹೋಗಬಾರದು ಅಂತ ನಿಮಿಷಕ್ಕೊಂದು ಸಲ ಕೈಯಾಡಿಸಿದೆ. ಇಪ್ಪತ್ತು ನಿಮಿಷದ ಮೇಲೆ ನೋಡಿದರೆ ಆಲೂಗಡ್ಡೆ ಒಂದು ಕಡೆ ಹಸಿ, ಇನ್ನೊಂದು ಕಡೆ ಮುದ್ದೆ. ತಳದಲ್ಲಿ ಮಸಾಲೆ ಕಪ್ಪಾಗಿ ಕಹಿ. ಮಗ ನೋಡಿ "ಅಪ್ಪಾ, ದೋಸೆ ಎಲ್ಲಿ?" ಅಂದ. ಪಲ್ಯ ಅಂದುಕೊಂಡಿದ್ದಾನೆ! ಅಮ್ಮ ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದರು.

ಅಂದ ಹಾಗೆ, ದೋಸೆ ಹಂಚು ಕೇಳಿದ್ದೆ. "ಅದರ ಮೇಲೆ ಬಾಡು ಹಾಕಿದರೆ ಆಮೇಲೆ ದೋಸೆ ಏಳಲ್ಲ" ಅಂತ ಅಮ್ಮ ಕೊಡಲಿಲ್ಲ.

ಅರ್ಧ ಡಬ್ಬಿ ಇನ್ನೂ ಫ್ರಿಜ್‌ನಲ್ಲಿದೆ. ನಾಳೆ ಭಾನುವಾರ, ಇನ್ನೊಂದು ಸಲ ಪ್ರಯತ್ನ ಮಾಡಬೇಕು. ಎಲ್ಲಿ ತಪ್ಪಿದೆ ಹೇಳಿ.

ಮದ್ದೂರಕ್ಕ

ತಪ್ಪಿದ್ದು ತಂಗಿ ಮಾತು ಕೇಳಿದಾಗ ಕಣಪ್ಪಾ! ಉಳಿದ ಬಾಡನ್ನು ಸಣ್ಣ ಉರಿಯಲ್ಲಿ ಬತ್ತಿಸಿ, ಎರಡು ಹಸಿಮೆಣಸಿನಕಾಯಿ ಸೀಳಿ ಹಾಕಿ, ಬಿಸಿ ಅಕ್ಕಿರೊಟ್ಟಿ ತಟ್ಟಿಕೊಂಡು ತಿನ್ನೋದು ಬಿಟ್ಟು ಆಲೂಗಡ್ಡೆ ಯಾಕೆ?

ನಮ್ಮೂರಲ್ಲಿ ಹೊಸತೊಡಕಿಗೆ ಗುಡ್ಡೆ ಬಾಡು. ಹತ್ತು ಹದಿನೈದು ಮನೆಯವರು ದುಡ್ಡು ಹಾಕಿ ಆಡೋ ಕುರಿಯೋ ತರುತ್ತಾರೆ. ಕೊಯ್ದು ಸಮವಾಗಿ ಗುಡ್ಡೆ ಮಾಡಿ ಹಂಚಿಕೊಳ್ಳುತ್ತಾರೆ. ಒಂದು ಗುಡ್ಡೆಯಲ್ಲಿ ಎಲ್ಲವೂ ಇರಬೇಕು. ಮೂಳೆ, ನೆಣ, ಈಲಿ, ಎಲ್ಲ. ಮಾರನೇ ದಿನಕ್ಕೆ ಉಳಿಯೋದು ಗ್ಯಾರಂಟಿ. ನಿಜ ಹೇಳಬೇಕು ಅಂದರೆ ನಮಗೆ ಎರಡನೇ ದಿನದ್ದೇ ಇಷ್ಟ. ಖಾರ, ಉಪ್ಪು ಎಲ್ಲ ಒಳಗೆ ಇಳಿದಿರುತ್ತದೆ.

ಕೊಲಂಬಸ್_ಕನ್ನಡತಿ

ನಳ ಅವರೇ, ನಾನು ನಿಮ್ಮ ತಂಗಿ ಅಲ್ಲ. ರಾಜ್ಯ ಮಾತ್ರ ಅದೇ. 😀 ನಿಮ್ಮ ತಂಗಿ ಹೇಳಿದ್ದು ಸರಿ, ಆದರೆ ಮುಖ್ಯವಾದ್ದನ್ನು ಬಿಟ್ಟಿದ್ದಾರೆ. ಇಲ್ಲಿಯವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಲ್ಲ, ನಾವು ಒಗ್ಗರಣೆಗೆ ಸಾಸಿವೆ ಸಿಡಿಯಲಿ ಅಂತ ಹೇಳೋದು ಮರೆಯುವ ಹಾಗೆ.

ಹ್ಯಾಶ್ ಅಂದರೆ ಬೇಯಿಸೋದಲ್ಲ. ಅದಕ್ಕೆ ಹೋಗುವ ಎಲ್ಲವೂ ಮೊದಲೇ ಬೆಂದಿರಬೇಕು. ಬಾಣಲೆಯ ಕೆಲಸ ಒಂದೇ, ಕೆಳಗೆ ಹಕ್ಕಳೆ ಕಟ್ಟಿಸೋದು. ನೀವು ಹಸಿ ಆಲೂಗಡ್ಡೆ ಹಾಕಿ ಮುಚ್ಚಳ ಮುಚ್ಚಿದಿರಿ. ಅಲ್ಲಿಗೆ ಅದು ಆವಿಯಲ್ಲಿ ಬೇಯುವ ಪಲ್ಯ ಆಯಿತು. ಮಗ ಸರಿಯಾಗಿಯೇ ಗುರುತು ಹಿಡಿದಿದ್ದಾನೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ನಾಲ್ಕು ಜನಕ್ಕೆ.

ಹಿಂದಿನ ರಾತ್ರಿಯೇ ಅರ್ಧ ಕೆಜಿ ಆಲೂಗಡ್ಡೆ ಸಿಪ್ಪೆ ತೆಗೆದು ಒಂದು ಸೆಂಟಿಮೀಟರಿನ ಚೌಕ ಹೋಳು ಮಾಡಿಕೊಳ್ಳಿ. ಹೆಚ್ಚು ಕಡಿಮೆ ಕಡಲೆಕಾಯಿ ಬೀಜಕ್ಕಿಂತ ಸ್ವಲ್ಪ ದೊಡ್ಡದು. ತಣ್ಣೀರಿಗೆ ಉಪ್ಪು ಮತ್ತು ಒಂದು ಚಮಚ ವಿನೆಗರ್ ಹಾಕಿ ಕುದಿಸಿ. ಹುಳಿ ಬಿದ್ದರೆ ಹೋಳು ಒಡೆಯಲ್ಲ. ಕುದಿ ಬಂದು ಐದಾರು ನಿಮಿಷಕ್ಕೆ ಚಾಕು ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಬಸಿದು, ಅಗಲ ತಟ್ಟೆಯಲ್ಲಿ ಹರಡಿ ಆವಿ ಹೋಗಲು ಬಿಡಿ. ಆರಿದ ಮೇಲೆ ಮುಚ್ಚದೆ ಫ್ರಿಜ್‌ಗೆ. ಬೆಳಿಗ್ಗೆಗೆ ಮೇಲ್ಮೈ ಒಣಗಿ, ಹೋಳು ಗಟ್ಟಿಯಾಗಿರುತ್ತದೆ. ಇದು ಅರ್ಧ ಕೆಲಸ.

ಬೆಳಿಗ್ಗೆ ಅಗಲವಾದ ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ. ಎರಡು ಚಮಚ ಎಣ್ಣೆ ಬಿಟ್ಟು ಆಲೂಗಡ್ಡೆ ಒಂದೇ ಪದರದಲ್ಲಿ ಹರಡಿ. ಈಗ ಕೈ ಕಟ್ಟಿಕೊಂಡು ನಿಲ್ಲಿ. ನಾಲ್ಕೈದು ನಿಮಿಷ ಮುಟ್ಟಬಾರದು. ಕೆಳಗೆ ಬಣ್ಣ ಬಂದ ಮೇಲೆ ಮಗುಚಿ, ಮತ್ತೆ ಮೂರು ನಿಮಿಷ. ಆಮೇಲೆ ಈರುಳ್ಳಿ. ಅದು ಮೆತ್ತಗಾದ ಮೇಲೆ ಕಾಲು ಕೆಜಿಯಷ್ಟು ಮಾಂಸದ ಚೂರು. ಸೌಟಿನ ಹಿಂಭಾಗದಿಂದ ಒತ್ತಿ, ಮತ್ತೆ ಮೂರು ನಾಲ್ಕು ನಿಮಿಷ ಸುಮ್ನೆ ಇರಿ. ಕೊನೆಗೆ ಗುಳಿ ಮಾಡಿ ಮೊಟ್ಟೆ ಒಡೆದು ಹಾಕಿ. ಮುಚ್ಚಳ ಬೇಕಾಗೋದು ಆಗ ಮಾತ್ರ, ಎರಡು ಮೂರು ನಿಮಿಷ.

ಆರ್‌ಆರ್‌ನಗರದ_ನಳ

ಮೇಡಂ, ಇದು ಬಂಗಾರದಂಥ ಉತ್ತರ. ಆದರೆ ಒಂದು ಅನುಮಾನ. ಅಲ್ಲಿಯ ಮಾಂಸ ಬರೀ ಉಪ್ಪು ಮೆಣಸು ಹಾಕಿ ಸುಟ್ಟಿದ್ದು. ನಮ್ಮದರಲ್ಲಿ ಧನಿಯಾ, ತೆಂಗಿನಕಾಯಿ, ಹುರಿಗಡಲೆ ಎಲ್ಲ ರುಬ್ಬಿ ಹಾಕಿರುತ್ತದೆ. ಅದು ಸೀದೇ ಸೀಯುತ್ತದೆ ಅಲ್ವಾ?

ಕಾಚಂಪುಳಿ_ಕಾಫಿ

ಇದಕ್ಕೆ ನಾನು ಹೇಳುತ್ತೇನೆ. ಮಡಿಕೇರಿ ಹತ್ತಿರ ನಮ್ಮ ಮನೆ. ಪಂದಿ ಕರಿ ಉಳಿಯದ ಹಬ್ಬವೇ ನಮ್ಮಲ್ಲಿಲ್ಲ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಮುಗಿದ ಮೇಲೆ ಎರಡು ದಿನ ಬೆಳಿಗ್ಗೆ ಅದೇ, ಅಕ್ಕಿ ಒಟ್ಟಿ ಜೊತೆ.

ನಮ್ಮ ಪಂದಿ ಕರಿಯಲ್ಲಿ ತೆಂಗಿನಕಾಯಿ ಇಲ್ಲ. ಹುರಿದು ಪುಡಿ ಮಾಡಿದ ಮಸಾಲೆ, ಕಾಳುಮೆಣಸು, ಕೊನೆಗೆ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪನೆ ಹುಳಿರಸ. ಅದಕ್ಕೇ ಅದನ್ನು ಎಷ್ಟು ಹುರಿದರೂ ತಡೆದುಕೊಳ್ಳುತ್ತದೆ. ನಿಮ್ಮ ಚಾಪ್ಸ್‌ನದ್ದು ಬೇರೆ. ತೆಂಗಿನಕಾಯಿಯಲ್ಲಿ ಸಿಹಿ ಇದೆ, ಹುರಿಗಡಲೆಯಲ್ಲಿ ಹಿಟ್ಟಿದೆ. ಎರಡೂ ಆಲೂಗಡ್ಡೆ ಕೆಂಪಾಗುವ ಮೊದಲೇ ಕಪ್ಪಾಗುತ್ತವೆ.

ಹಾಗಾಗಿ ಮಾಂಸವನ್ನು ತಣ್ಣಗಿರುವಾಗಲೇ ಮಸಾಲೆಯಿಂದ ಬೇರೆ ಮಾಡಿ. ತೊಳೆಯಬೇಡಿ! ಬೆರಳಲ್ಲಿ ಸವರಿ ತೆಗೆದರೆ ಸಾಕು. ಮೂಳೆ ಬಿಡಿಸಿ, ಮಾಂಸ ಸಣ್ಣಗೆ ಹೆಚ್ಚಿ. ಡಬ್ಬಿಯ ಮೇಲೆ ಬಿಳಿಯಾಗಿ ಹೆಪ್ಪುಗಟ್ಟಿರುತ್ತದಲ್ಲ ನೆಣ, ಅದನ್ನು ಬಿಸಾಡಬೇಡಿ. ಎಣ್ಣೆ ಬದಲು ಅದರಲ್ಲೇ ಆಲೂಗಡ್ಡೆ ಹುರಿಯಿರಿ. ಸವರಿ ತೆಗೆದ ಮಸಾಲೆಗೆ ಒಂದು ಸೌಟು ನೀರು ಹಾಕಿ, ಬೇರೆ ಪಾತ್ರೆಯಲ್ಲಿ ಗಟ್ಟಿಯಾಗುವ ತನಕ ಕುದಿಸಿ, ಕೊನೆಯಲ್ಲಿ ತಟ್ಟೆಗೆ ಹಾಕಿದ ಮೇಲೆ ಪಕ್ಕಕ್ಕೆ ಬಡಿಸಿ. ಬಾಣಲೆಗೆ ಬೇಡ.

ಇನ್ನು ಪಂದಿ ಕರಿಗೆ ಆಲೂಗಡ್ಡೆ ಹಾಕಬಹುದಾ ಅಂತ ಯಾರೂ ಕೇಳಬೇಡಿ. ಅಜ್ಜಿ ಇನ್ನೂ ಬದುಕಿದ್ದಾರೆ.

ಮದ್ದೂರಕ್ಕ

ಈ ಕಾಫಿ ಹುಡುಗಿ ಸರಿಯಾಗಿ ಹೇಳಿದಳು. ನೆಣದಲ್ಲಿ ಹುರಿದರೆ ಆಲೂಗಡ್ಡೆಯೂ ಬಾಡಿನ ಹಾಗೇ ಇರುತ್ತದೆ. ನಾನು ಸ್ವಲ್ಪ ಸ್ವಲ್ಪ ಈ ಹ್ಯಾಶು ಗೀಶಿನ ಕಡೆ ವಾಲುತ್ತಿದ್ದೇನೆ.

ಲ್ಯಾಬ್_ಅಂಕಲ್

ರುಚಿಯ ಮಾತು ನಡೆಯಲಿ. ನಡುವೆ ನಾನು ಸ್ವಲ್ಪ ಬೇಜಾರಿನ ವಿಷಯ ಹೇಳಬೇಕು. ನಳ, ಆ ಡಬ್ಬಿ ಫ್ರಿಜ್‌ಗೆ ಹೋಗಿದ್ದು ಎಷ್ಟು ಹೊತ್ತಿಗೆ?

ಆರ್‌ಆರ್‌ನಗರದ_ನಳ

ಸರ್, ಮಧ್ಯಾಹ್ನ ಎರಡಕ್ಕೆ ಊಟ ಮುಗಿಯಿತು. ಮೂರು ಗಂಟೆಗೆಲ್ಲ ಹೆಂಡತಿ ಒಳಗಿಟ್ಟಳು. ನಾನು ಆಗ ಮಲಗಿದ್ದೆ.

ಲ್ಯಾಬ್_ಅಂಕಲ್

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಯಾಕೆ ಕೇಳಿದೆ ಅಂದರೆ, ಕೆಲವು ವರ್ಷದ ಹಿಂದೆ ನಮ್ಮದೇ ಮನೆಯ ಬೀಗರ ಊಟದಲ್ಲಿ ಉಳಿದ ಮಟನ್ ಸಾರನ್ನು ದೊಡ್ಡ ಪಾತ್ರೆಯಲ್ಲೇ ರಾತ್ರಿ ಇಡೀ ಹೊರಗೆ ಬಿಟ್ಟೆವು. ಏಪ್ರಿಲ್ ತಿಂಗಳು, ಧಗೆ. ಬೆಳಿಗ್ಗೆ ಬಿಸಿ ಮಾಡಿ ಇಡ್ಲಿ ಜೊತೆ ಬಡಿಸಿದೆವು. ವಾಸನೆ ಇಲ್ಲ, ಹಳಸಿಲ್ಲ, ರುಚಿ ಅದ್ಭುತ. ಸಂಜೆ ಹೊತ್ತಿಗೆ ಹನ್ನೊಂದು ಜನ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ನಾನು ಸೂಕ್ಷ್ಮಾಣುಗಳ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ನನಗೇ ಈ ಗತಿ.

ಮಾಂಸದ ಸಾರಿನಲ್ಲಿ ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅಂತ ಒಂದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಅದರ ಬೀಜಾಣು ಉಳಿಯುತ್ತದೆ. ದೊಡ್ಡ ಪಾತ್ರೆ ನಿಧಾನವಾಗಿ ಆರುತ್ತದಲ್ಲ, ಆ ಉಗುರುಬೆಚ್ಚಗಿನ ಹೊತ್ತಿನಲ್ಲಿ ಬೀಜಾಣು ಮೊಳೆತು ಸಿಕ್ಕಾಪಟ್ಟೆ ಹೆಚ್ಚುತ್ತದೆ. ಮಾಂಸದ ಒಳಗೆ ಗಾಳಿ ಕಡಿಮೆ, ಅದಕ್ಕೆ ಅದೇ ಬೇಕು. ವಾಸನೆಯಿಂದ ಗೊತ್ತಾಗಲೇಬೇಕು ಅಂತಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಸುಲಭ. ಅಡುಗೆ ಆದ ಎರಡು ಗಂಟೆಯೊಳಗೆ ಫ್ರಿಜ್‌ಗೆ. ಹೊರಗೆ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಒಂದೇ ಗಂಟೆ. ನಮ್ಮ ಏಪ್ರಿಲ್‌ಗೆ ಒಂದು ಗಂಟೆಯೇ ಅಂದುಕೊಳ್ಳಿ. ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ. ಮತ್ತೆ ಬಿಸಿ ಮಾಡುವಾಗ ಒಳಗಿನ ತನಕ 74 ಡಿಗ್ರಿ ತಲುಪಬೇಕು. ಹ್ಯಾಶ್‌ನಲ್ಲಿ ಚೂರು ಸಣ್ಣದು, ಅದು ಆಗಿಯೇ ಆಗುತ್ತದೆ. ಪಾತ್ರೆ ಸಮೇತ ಒಳಗಿಡಬೇಡಿ. ಎರಡು ಇಂಚಿಗಿಂತ ಎತ್ತರ ಬಾರದ ಹಾಗೆ ಅಗಲ ಡಬ್ಬಿಗಳಿಗೆ ಹಂಚಿ ಇಡಿ.

ಮದ್ದೂರಕ್ಕ

ಅಂಕಲ್, ನಮ್ಮತ್ತೆ ಕಾಲದಲ್ಲಿ ಫ್ರಿಜ್ ಎಲ್ಲಿತ್ತು? ರಾತ್ರಿ ಮಲಗುವಾಗ ಸಾರು ತಕಪಕ ಕುದಿಸಿ, ಸೌಟು ಹಾಕದೆ ಮುಚ್ಚಿಟ್ಟರೆ ಬೆಳಿಗ್ಗೆ ಏನೂ ಆಗುತ್ತಿರಲಿಲ್ಲ. ಮತ್ತೆ ಬೆಳಿಗ್ಗೆ ಕುದಿಸೋರು. ಜಾಸ್ತಿ ಉಳಿದರೆ ಉಪ್ಪುಕಂಡ. ಹಸಿ ಮಾಂಸಕ್ಕೇ ಉಪ್ಪು ಅರಿಸಿನ ಸವರಿ, ದಾರಕ್ಕೆ ಪೋಣಿಸಿ ಬಿಸಿಲಿಗೆ ಒಣ ಹಾಕೋರು.

ಲ್ಯಾಬ್_ಅಂಕಲ್

ಅಕ್ಕ, ಉಪ್ಪುಕಂಡಕ್ಕೆ ನನ್ನ ತಕರಾರೇ ಇಲ್ಲ. ನೀರು ತೆಗೆದು ಉಪ್ಪು ಹಾಕಿದ ಮೇಲೆ ಬ್ಯಾಕ್ಟೀರಿಯಾಗೆ ಏನೂ ಸಿಗಲ್ಲ. ನಿಮ್ಮತ್ತೆಯವರು ರಾತ್ರಿ, ಬೆಳಿಗ್ಗೆ ಎರಡು ಸಲ ಕುದಿಸುತ್ತಿದ್ದರು. ಮಾಡುತ್ತಿದ್ದದ್ದೂ ಚಿಕ್ಕ ಪಾತ್ರೆಯಲ್ಲಿ. ನಾವು ಈಗ ಹತ್ತು ಲೀಟರ್ ಮಾಡಿ, ಒಂದು ಸಲವೂ ಕುದಿಸದೆ ಮಲಗುತ್ತೇವೆ. ಆದರೂ ಈಗ ಮನೆಯಲ್ಲಿ ಫ್ರಿಜ್ ಇರುವಾಗ ಹಳೇ ಆಟ ಯಾಕೆ?

ಬಂಗಾರಪೇಟೆ_ಪ್ಯಾಸೆಂಜರ್

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. "ಉಪ್ಪು" ಅಂದ ತಕ್ಷಣ ಬರೆಯಬೇಕು ಅನ್ನಿಸಿತು. ಹ್ಯಾಶ್ ನಿಮಗೆ ಅಮೆರಿಕದಿಂದ ಬಂದಿರಬಹುದು. ನಾನು ಅದನ್ನು ಮೊದಲು ತಿಂದದ್ದು ಕೆಜಿಎಫ್‌ನಲ್ಲಿ.

ನಮ್ಮ ತಂದೆಗೆ ಚಿನ್ನದ ಗಣಿಯಲ್ಲಿ ಕೆಲಸ. ಅಲ್ಲಿ ಆಂಗ್ಲೋ ಇಂಡಿಯನ್ ಮನೆಗಳು ಬಹಳ ಇದ್ದವು. ನನ್ನ ಸ್ನೇಹಿತನ ಮನೆಯಲ್ಲಿ ಕ್ರಿಸ್‌ಮಸ್‌ಗೆ ಸಾಲ್ಟ್ ಬೀಫ್ ಮಾಡುತ್ತಿದ್ದರು. ದೊಡ್ಡ ತುಂಡಿಗೆ ಉಪ್ಪು, ನಿಂಬೆರಸ, ಚಿಟಿಕೆ ಪೆಟ್ಲುಪ್ಪು (ಮಾಂಸ ಕೆಡದ ಹಾಗೆ ಹಾಕುವ ಸಾಲ್ಟ್‌ಪೀಟರ್) ಸವರಿ, ಫೋರ್ಕಿನಲ್ಲಿ ಚುಚ್ಚಿ ಚುಚ್ಚಿ, ಮೇಲೆ ಭಾರ ಇಟ್ಟು ದಿನಗಟ್ಟಲೆ ಬಿಡುತ್ತಿದ್ದರು. ದಿನಾ ತಿರುಗಿಸಿ ಹಾಕುವುದು ಮನೆಯ ಹುಡುಗರ ಕೆಲಸ. ಆಮೇಲೆ ಬೇಯಿಸಿ, ತೆಳ್ಳಗೆ ಕತ್ತರಿಸಿ ಬ್ರೆಡ್ ನಡುವೆ ಇಟ್ಟು ಬಂದವರಿಗೆಲ್ಲ ಕೊಡುತ್ತಿದ್ದರು. ಪೆಟ್ಲುಪ್ಪಿನ ದೆಸೆಯಿಂದ ಬೆಂದ ಮೇಲೂ ಒಳಗೆ ಗುಲಾಬಿ ಬಣ್ಣ.

ಕೊನೆಯಲ್ಲಿ ಕತ್ತರಿಸೋಕೆ ಬಾರದ ತುದಿ, ಮೂಲೆ, ಪುಡಿ ಉಳಿಯುತ್ತಿತ್ತಲ್ಲ. ಅದೇ ಬೆಳಗಿನ ತಿಂಡಿ. ಬೆಂದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಜಜ್ಜಿದ ಕಾಳುಮೆಣಸು. ಎಲ್ಲ ಸೇರಿಸಿ ಕಬ್ಬಿಣದ ಬಾಣಲೆಯಲ್ಲಿ ಒತ್ತಿ ಒತ್ತಿ ಹುರಿಯೋರು. ಆಂಟಿ ಅದನ್ನು ಹ್ಯಾಶ್ ಅಂತಲೇ ಕರೆಯುತ್ತಿದ್ದರು. ರೋಸ್ಟ್ ಉಳಿದರೆ ಅದಕ್ಕೆ ಈರುಳ್ಳಿ, ಮೆಣಸಿನಕಾಯಿ ಜಾಸ್ತಿ ಹಾಕಿ ಜಾಲ್‌ಫ್ರೇಜಿ. ಈಗ ಹೋಟೆಲಿನಲ್ಲಿ ಕೆಂಪು ಗ್ರೇವಿ ಹಾಕಿ ಕೊಡುತ್ತಾರಲ್ಲ, ಅದಲ್ಲ. ಮೂಲದಲ್ಲಿ ಅದು ಉಳಿದ ತಣ್ಣನೆ ಮಾಂಸಕ್ಕೆ ದಾರಿ ತೋರಿಸುವ ಅಡುಗೆ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆ ಮನೆಯವರು ಅದಕ್ಕೂ ಮೊದಲೇ ಆಸ್ಟ್ರೇಲಿಯಾಗೆ ಹೋದರು. ಆಮೇಲೆ ಆ ರುಚಿ ನನಗೆ ಎಲ್ಲೂ ಸಿಕ್ಕಿಲ್ಲ. ಮನೆಯಲ್ಲಿ ನಾನು ಕುರಿ ಮಾಂಸದಲ್ಲಿ ಮಾಡುತ್ತೇನೆ. ಹತ್ತಿರ ಬರುತ್ತದೆ, ಅಷ್ಟೇ.

ಕೊಲಂಬಸ್_ಕನ್ನಡತಿ

ಅಂಕಲ್, ಓದಿ ಹೊಟ್ಟೆ ಹಸಿಯಿತು. ಇಲ್ಲಿಯ ಕಾರ್ನ್ಡ್ ಬೀಫ್ ಕೂಡ ಅದರ ದಾಯಾದಿಯೇ. ಹೆಸರಿನಲ್ಲಿ ಕಾರ್ನ್ ಇದೆ ಅಂತ ನಾನು ಬಂದ ಹೊಸದರಲ್ಲಿ ಮೆಕ್ಕೆಜೋಳ ಹುಡುಕಿದ್ದೆ! ಅಲ್ಲಿ ಕಾರ್ನ್ ಅಂದರೆ ಕಾಳು, ಅಂದರೆ ಕಲ್ಲುಪ್ಪಿನ ಹರಳು. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಕೋಸಿನ ಜೊತೆ ಬೇಯಿಸುತ್ತಾರೆ, 18ರ ಬೆಳಿಗ್ಗೆ ಹ್ಯಾಶ್. ಹೆಚ್ಚು ಕಡಿಮೆ ನಿಮ್ಮ ಹೊಸತೊಡಕಿನ ಕಾಲವೇ.

ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಆದ ಮೇಲೆ ಟರ್ಕಿ ಹ್ಯಾಶ್ ಇನ್ನೊಂದು. ನನಗೆ ಅದು ಅಷ್ಟಕ್ಕಷ್ಟೆ. ಆರೇಳು ಕೆಜಿ ಹಕ್ಕಿ, ಮೂರನೇ ದಿನಕ್ಕೆ ಹಳೇ ರಟ್ಟಿನ ಡಬ್ಬಿ ವಾಸನೆ.

ಲ್ಯಾಬ್_ಅಂಕಲ್

ಆ ರಟ್ಟಿನ ವಾಸನೆಗೂ ಕಾರಣ ಇದೆ. ಬೆಂದ ಮಾಂಸದ ಕೊಬ್ಬು ಗಾಳಿ ತಾಗಿ ಕಮಟಾಗಲು ಶುರುವಾಗುತ್ತದೆ. ಮಾಂಸದಲ್ಲಿರುವ ಕಬ್ಬಿಣದ ಅಂಶ ಅದಕ್ಕೆ ಇನ್ನಷ್ಟು ಒತ್ತಾಸೆ. ಕೋಳಿ, ಟರ್ಕಿಯ ಕೊಬ್ಬಿಗೆ ಇದು ಬೇಗ ಆಗುತ್ತದೆ. ನಮ್ಮ ಲವಂಗ, ಮೆಣಸು, ಬೆಳ್ಳುಳ್ಳಿ ಇದನ್ನು ತಡೆಯುತ್ತವೆ. ಮಸಾಲೆಯೊಳಗೆ ಮುಳುಗಿದ ಮಾಂಸಕ್ಕೆ ಗಾಳಿಯೂ ತಾಗಲ್ಲ. ಮದ್ದೂರಕ್ಕ ಎರಡನೇ ದಿನದ್ದೇ ರುಚಿ ಅಂದದ್ದು ಬರೀ ಅಭಿಮಾನ ಅಲ್ಲ. ಆದ್ದರಿಂದ ನಳ, ಮಸಾಲೆ ಸವರಿ ತೆಗೆಯೋದು ಬೆಳಿಗ್ಗೆ ಹುರಿಯುವ ಮುಂಚೆ ಮಾತ್ರ. ಈಗಲೇ ತೆಗೆದಿಡಬೇಡಿ.

ಹುಬ್ಬಳ್ಳಿ_ಖಡಕ್

ನಮಸ್ಕಾರ್ರಿ. ನಿಮ್ಮ ಹ್ಯಾಶ್ ಹೆಸರು ಕೇಳಿ ಚರಸ್ ಅಂದುಕೊಂಡು ಪೊಲೀಸರು ಬಂದಾರು, ಸ್ವಲ್ಪ ನೋಡಿಕೊಳ್ಳಿ.

ನಮ್ಮ ಕಡೆ ಸಾವಜಿ ಖಿಮಾ ಉಳಿದರೆ ಆಲೂಗಡ್ಡೆ ಯಾರು ಹುಡುಕುತ್ತಾರೆ? ಖಡಕ್ ಜೋಳದ ರೊಟ್ಟಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಅದನ್ನು ಕೈಯಲ್ಲಿ ಮುರಿದು ದೊಡ್ಡ ಚೂರು ಮಾಡಿ, ನೀರು ಚಿಮುಕಿಸಿ ಎರಡು ನಿಮಿಷ ಬಿಡುವುದು. ಉಳ್ಳಾಗಡ್ಡಿ ಒಗ್ಗರಣೆಗೆ ಖಿಮಾ ಹಾಕಿ ಒಣಗಿಸಿ, ರೊಟ್ಟಿ ಚೂರು ಹಾಕಿ, ಮೇಲೆ ಎರಡು ತತ್ತಿ ಒಡೆದು ತಿರುವುವುದು. ಕೆಲವು ಚೂರು ಮೆತ್ತಗೆ, ಕೆಲವು ಕಟಕಟ. ಒಗ್ಗರಣೆ ರೊಟ್ಟಿಗೆ ಖಿಮಾ ಸೇರಿದ ಹಾಗೆ. ಹತ್ತು ನಿಮಿಷದ ಕೆಲಸ ನೋಡ್ರಿ. ಹಿಂದಿನ ರಾತ್ರಿ ಆಲೂಗಡ್ಡೆ ಕುದಿಸಿ ಮಲಗಿಸುವ ಸಂಭ್ರಮ ಇಲ್ಲ.

ಕೊಲಂಬಸ್_ಕನ್ನಡತಿ

ಖಿಮಾ ಅಂದಿದ್ದಕ್ಕೆ ನೆನಪಾಯಿತು. ಹ್ಯಾಶ್ ಅನ್ನೋದು ಫ್ರೆಂಚಿನ "ಕೊಚ್ಚು" ಅನ್ನುವ ಪದದಿಂದ ಬಂದದ್ದು. ಕೈಗೊಡಲಿಗೆ ಹ್ಯಾಚೆಟ್ ಅನ್ನುತ್ತಾರಲ್ಲ, ಅದೂ ಅದೇ ಬಳ್ಳಿ. ಕೈಮ, ಖಿಮಾ ಪರ್ಶಿಯನ್, ಟರ್ಕಿ ಕಡೆಯಿಂದ ಬಂತು, ಅದರ ಅರ್ಥವೂ ಕೊಚ್ಚಿದ್ದು ಅಂತಲೇ. ಸ್ವೀಡನ್‌ನವರು ಪಿಟ್ಟಿಪನ್ನ ಅನ್ನುತ್ತಾರೆ, ಬಾಣಲೆಯಲ್ಲಿ ಚೂರುಪಾರು ಅಂದ ಹಾಗೆ. ಅದರ ಪಕ್ಕ ಬೀಟ್‌ರೂಟ್ ಉಪ್ಪಿನಕಾಯಿ ಇರಲೇಬೇಕು. ಎಲ್ಲರ ಮನೆಯಲ್ಲೂ ಮಾಂಸ ಉಳಿದಿದೆ, ಎಲ್ಲರೂ ಕೊಚ್ಚಿದ್ದಾರೆ.

ಉರ್ವಸ್ಟೋರ್_ಬಾಯಮ್ಮ

ಮಾರಾಯ್ರೆ, ಮಂಗಳೂರಿನವರನ್ನು ಬಿಟ್ಟು ಇಷ್ಟು ದೂರ ಬಂದಿರಾ?

ನಮ್ಮಲ್ಲಿ ಹಂದಿ ಬಫಾತ್ ಮಾಡಿದ ದಿನ ಯಾರೂ ಪೂರ್ತಿ ತಿನ್ನುವುದಿಲ್ಲ. ಮರುದಿನಕ್ಕೆ ಅಂತಲೇ ಎತ್ತಿಡುವುದು. ಬೆಳಿಗ್ಗೆ ಸಣ್ಣ ಉರಿಯಲ್ಲಿ ಇಟ್ಟರೆ ನೆಣ ಬಿಟ್ಟುಕೊಂಡು ತುಂಡು ಅದರಲ್ಲೇ ಹುರಿಯುತ್ತದೆ. ಸನ್ನಾಸ್ ಇದ್ದರೆ ಸರಿ, ಇಲ್ಲದಿದ್ದರೆ ಬ್ರೆಡ್. ಕೋಳಿ ಸುಕ್ಕ ಉಳಿದರೆ ನಿನ್ನೆಯ ಪುಂಡಿಯನ್ನು (ಅಕ್ಕಿಯ ಉಂಡೆ ಕಡುಬು) ನಾಲ್ಕು ಭಾಗ ಮಾಡಿ ಅದರ ಜೊತೆ ಕಾವಲಿಯಲ್ಲಿ ಹುರಿಯುತ್ತೇನೆ. ಪುಂಡಿಯ ಕತ್ತರಿಸಿದ ಬದಿ ಗರಿಯಾಗುತ್ತದೆ. ಸುಕ್ಕದ ತೆಂಗಿನತುರಿ ಬೇಗ ಸೀಯುತ್ತದೆ, ಹಾಗಾಗಿ ಪುಂಡಿ ಮೊದಲು, ಸುಕ್ಕ ಕೊನೆಗೆ. ರಸ ಇರುವ ಗಸಿ ಉಳಿದರೆ ಮಾತ್ರ ಇದಕ್ಕೆಲ್ಲ ಕೈ ಹಾಕಬೇಡಿ. ಅದಕ್ಕೆ ಕೋರಿ ರೊಟ್ಟಿ ಮುರಿದು ಹಾಕಿ, ಕಥೆ ಮುಗಿಸಿ.

ರಾಗಿಕಣಜ_ಹುಡುಗ

ಪುಂಡಿ ಆಗುತ್ತದೆ ಅಂದರೆ ಮುದ್ದೆಯೂ ಆಗಬೇಕಲ್ಲ ಅಂತ ಈಗಲೇ ತಂಗಳು ಮುದ್ದೆ ಹೋಳು ಮಾಡಿ ಹುರಿದೆ. ಹೊರಗೆ ಗರಿಗರಿ. ಒಳಗೆ ಸೈಕಲ್ ಟ್ಯೂಬ್. ಯಾರೂ ಮಾಡಬೇಡಿ. ಅದಕ್ಕೆ ಮಜ್ಜಿಗೆಯೇ ಸರಿ.

ಮದ್ದೂರಕ್ಕ

ಮುದ್ದೆನ ಹುರಿತೀಯಾ? ನಿನ್ನ ಮನೆ ದೊಡ್ಡೋರ ನಂಬರ್ ಕೊಡು.

ಸುಮ್ನೆ_ಓದುವವಳು

ನಾನು ಸಸ್ಯಾಹಾರಿ, ಆದರೂ ಕೊನೇ ತನಕ ಓದಿದೆ. ಮಾಂಸದ ಬದಲು ಸುವರ್ಣಗಡ್ಡೆ ಹಾಕಬಹುದಾ?

ಕೊಲಂಬಸ್_ಕನ್ನಡತಿ

ಖಂಡಿತ. ಹುಣಸೆ ನೀರಿನಲ್ಲಿ ಬೇಯಿಸಿ, ಒಣಗಿಸಿ, ಅದೇ ಕ್ರಮ. ಹುಳಿ ಇರುವುದರಿಂದ ಬಾಯಿ ತುರಿಕೆಯೂ ಇರಲ್ಲ, ಹೋಳೂ ಒಡೆಯಲ್ಲ.

ಆರ್‌ಆರ್‌ನಗರದ_ನಳ

ರಾತ್ರಿ ಹತ್ತು ಗಂಟೆ. ಆಲೂಗಡ್ಡೆ ಬೆಂದು ತಟ್ಟೆಯಲ್ಲಿ ಆರುತ್ತಿದೆ. ಹಾಸನದ್ದು ಸಿಗಲಿಲ್ಲ. ಅಂಗಡಿಯವನು ಯಾವುದೋ ಕೋಲ್ಡ್ ಸ್ಟೋರೇಜ್‌ನದ್ದು ಕೊಟ್ಟ. ಪರವಾಗಿಲ್ವಾ?

ಲ್ಯಾಬ್_ಅಂಕಲ್

ಬಹಳ ತಣ್ಣಗಿಟ್ಟ ಆಲೂಗಡ್ಡೆಯಲ್ಲಿ ಹಿಟ್ಟು ಸ್ವಲ್ಪ ಸ್ವಲ್ಪ ಸಕ್ಕರೆಯಾಗಿರುತ್ತದೆ. ತಿಂದರೆ ಸಿಹಿ, ಹುರಿದರೆ ಬೇಗ ಕಪ್ಪು. ಉರಿ ಒಂದು ಹಂತ ಕಡಿಮೆ ಇಟ್ಟುಕೊಳ್ಳಿ. ಹಸಿ ಆಲೂಗಡ್ಡೆ ಮನೆಯ ಫ್ರಿಜ್‌ನಲ್ಲಿ ಇಡಬಾರದು ಅನ್ನೋದೂ ಇದಕ್ಕೇ. ಬೇಯಿಸಿದ್ದು ಇಡಬಹುದು.

ಆರ್‌ಆರ್‌ನಗರದ_ನಳ

ಭಾನುವಾರ ಬೆಳಿಗ್ಗೆಯ ವರದಿ.

ಆರೂವರೆಗೆ ಎದ್ದೆ. ಡಬ್ಬಿಯಿಂದ ನೆಣ ತೆಗೆದೆ, ಎರಡು ದೊಡ್ಡ ಚಮಚ ಸಿಕ್ಕಿತು. ಮೂಳೆ ಬಿಡಿಸಿದ ಮೇಲೆ ಮಾಂಸ ಒಂದು ಬಟ್ಟಲು ಮಾತ್ರ. ಡಬ್ಬಿಯಲ್ಲಿ ಅಷ್ಟೊಂದು ಕಂಡದ್ದು ಪೂರ್ತಿ ಮೂಳೆಯಂತೆ! ಕಬ್ಬಿಣದ ಬಾಣಲೆ ಪಕ್ಕದ ಮನೆಯಿಂದ ತಂದೆ.

ನೆಣ ಕರಗಿತು, ಆಲೂಗಡ್ಡೆ ಹರಡಿದೆ. ಆ ನಾಲ್ಕು ನಿಮಿಷ ಕೈ ಕಟ್ಟಿ ನಿಲ್ಲೋದು ಇದೆಯಲ್ಲ, ಬಹಳ ಕಷ್ಟ. ಮಗುಚುವ ಸೌಟು ಹಿಡಿದು ಎರಡು ಸಲ ಮುಂದೆ ಹೋದೆ. ಹೆಂಡತಿ ಕಿತ್ತುಕೊಂಡು ಸಿಂಕ್‌ಗೆ ಹಾಕಿದಳು. ಮೊದಲು ಅಂಟಿಕೊಂಡ ಹಾಗೆ ಇತ್ತು, ಹಕ್ಕಳೆ ಕಟ್ಟಿದ ಮೇಲೆ ತಾನಾಗಿಯೇ ಬಿಟ್ಟಿತು. ದೋಸೆ ಏಳುವ ಹಾಗೆಯೇ. ಇದನ್ನು ಯಾರೂ ಹೇಳಿರಲಿಲ್ಲ.

ಮಸಾಲೆ ಬೇರೆ ಪಾತ್ರೆಯಲ್ಲಿ ಬತ್ತಿಸಿ ಪಕ್ಕಕ್ಕೆ ಇಟ್ಟೆ. ಈರುಳ್ಳಿ ಜೊತೆ ಎರಡು ಹಸಿಮೆಣಸಿನಕಾಯಿ ಹಾಕಿದೆ, ಕೊನೆಗೆ ಕೊತ್ತಂಬರಿ ಸೊಪ್ಪು, ಅರ್ಧ ನಿಂಬೆಹಣ್ಣು. ಮೊಟ್ಟೆ ನಾಲ್ಕು. ಹಳದಿ ಹಸಿಯಾಗಿದ್ದರೆ ಅಮ್ಮ ತಿನ್ನಲ್ಲ, ಅವರದ್ದನ್ನು ಇನ್ನೆರಡು ನಿಮಿಷ ಬಿಟ್ಟೆ.

ತಪ್ಪು ಆಗಿಲ್ಲ ಅಂತಲ್ಲ. ಒಂದು ಬದಿ ಸ್ವಲ್ಪ ಕಪ್ಪಾಯಿತು, ಅಂಕಲ್ ಹೇಳಿದ ಸಕ್ಕರೆ ವಿಷಯ ನಿಜ. ಬಾಣಲೆ ಚಿಕ್ಕದು, ಆಲೂಗಡ್ಡೆ ಒಂದರ ಮೇಲೊಂದು ಕೂತಿತ್ತು, ಮೇಲಿನದ್ದು ಗರಿಯಾಗಲಿಲ್ಲ. ಮುಂದಿನ ಸಲ ಎರಡು ಸರದಿಯಲ್ಲಿ ಮಾಡಬೇಕು.

ಕಾಚಂಪುಳಿ_ಕಾಫಿ

ಅಮ್ಮ ಏನಂದರು? ಅದು ಹೇಳಿ ಮೊದಲು.

ಆರ್‌ಆರ್‌ನಗರದ_ನಳ

ಏನೂ ಅನ್ನಲಿಲ್ಲ. ತಟ್ಟೆ ಖಾಲಿ ಮಾಡಿದರು. ಆಮೇಲೆ ಬಾಣಲೆ ಹತ್ತಿರ ಹೋಗಿ, ತಳಕ್ಕೆ ಅಂಟಿದ್ದ ಹಕ್ಕಳೆಯನ್ನು ಚಮಚದಲ್ಲಿ ಕೆರೆದು ತಿಂದರು. ಮಗನಿಗೆ ಸಿಗಲಿಲ್ಲ ಅಂತ ಅವನು ಅಳುತ್ತಿದ್ದಾನೆ.

ಮದ್ದೂರಕ್ಕ

ದೋಸೆ ಹಂಚು ಕೊಡ್ತಾರಾ ಕೇಳಿದ್ಯಾ?

ಆರ್‌ಆರ್‌ನಗರದ_ನಳ

ಕೇಳಿದೆ ಅಕ್ಕ. "ಪಕ್ಕದ ಮನೆ ಬಾಣಲೆ ಇದೆಯಲ್ಲ" ಅಂದರು.